ನಾಲ್ಕನೇ ಬದಿಯ ಸದ್ದು

ಸ್ಯಾಕ್ಸೊಫೋನ್ ಕಂಡರೆ ನನಗೆ ಮೊದಲಿನಿಂದಲೂ ಆಗದು. ಹಿತ್ತಾಳೆಯ ಸೊಂಡಿಲು, ಅದರ ಮೈತುಂಬ ಗುಂಡಿಗಳು, ಅದನ್ನು ಕೊರಳಿಗೆ ನೇತುಹಾಕಿಕೊಂಡು ಸೊಂಟ ಅಲ್ಲಾಡಿಸುವವರು, ಅವರೆದುರು ತಬ್ಬಿಕೊಂಡು ಗಿರಗಿರ ತಿರುಗುವ ಗಂಡಸರು ಹೆಂಗಸರು. ಥೂ! ಇದನ್ನು ಸಂಗೀತ ಎನ್ನುವುದಾದರೆ ಬೋರಿಬಂದರ್ ಸ್ಟೇಷನ್ನಿನ ಕೂಲಿಗಳ ಜಗಳವನ್ನು ಪುರಾಣ ಎನ್ನಬೇಕಾಗುತ್ತದೆ ಎಂದು ಒಮ್ಮೆ ಬರೆದಿದ್ದೆ. ಜನ ಆ ಸಾಲನ್ನು ಹೇಳಿಕೊಂಡು ತಿಂಗಳುಗಟ್ಟಲೆ ನಕ್ಕರು.

ಬರೆದದ್ದು ‘ಪಡುವಣ ವಾರ್ತೆ’ಯಲ್ಲಿ. ಮುಂಬಯಿಯ ಕನ್ನಡಿಗರಿಗೆಂದು ಹೊರಡುತ್ತಿದ್ದ ಎಂಟು ಪುಟದ ವಾರಪತ್ರಿಕೆ ಅದು. ನಾನು ಗದಿಗೆಪ್ಪ, ಹಗಲು ಫೋರ್ಟಿನ ಒಂದು ವಿಮಾ ಕಚೇರಿಯಲ್ಲಿ ಗುಮಾಸ್ತ, ವಾರಕ್ಕೊಮ್ಮೆ ಆ ಪತ್ರಿಕೆಯ ಸಂಗೀತ ವಿಮರ್ಶಕ. ಧಾರವಾಡದಲ್ಲಿ ಹುಟ್ಟಿದವನು ಬೇರೇನೂ ಕಲಿಯದಿದ್ದರೂ ಅವನ ಕಿವಿ ಮಾತ್ರ ಕಲಿತಿರುತ್ತದೆ ಎಂಬುದು ನನ್ನ ಜಂಬ. ನನ್ನ ಅಂಕಣದ ಹೆಸರು ‘ತಂಬೂರಿ’. ಆ ಹೆಸರನ್ನು ಇಟ್ಟವನು ನಾನೇ. ಈಗ ನೆನೆದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ನಾನು ಹೊಗಳುವುದು ಕಡಿಮೆ. ಬೈದರೆ ಜನ ಓದುತ್ತಾರೆ, ಹೊಗಳಿದರೆ ಪುಟ ತಿರುವುತ್ತಾರೆ ಎಂಬುದನ್ನು ನಮ್ಮ ಸಂಪಾದಕ ಚನ್ನಬಸಯ್ಯ ನನಗೆ ಮೊದಲ ತಿಂಗಳಲ್ಲೇ ಕಲಿಸಿದ್ದ. ನನ್ನ ಅಂಕಣ ಓದಿದ ಮೇಲೆ ಮಾಟುಂಗದ ಒಬ್ಬ ಹಾಡುಗಾರ ಹಾಡುವುದನ್ನೇ ಬಿಟ್ಟನಂತೆ. ಅದನ್ನು ನಾನು ಪದಕದ ಹಾಗೆ ಎಲ್ಲರಿಗೂ ತೋರಿಸುತ್ತಿದ್ದೆ.

ಐವತ್ತೈದನೆಯ ಇಸವಿ. ಪತ್ರಿಕೆಯ ಅಚ್ಚಿನ ಮನೆ ಗ್ರಾಂಟ್ ರೋಡಿನಲ್ಲಿ, ಕೆಳಗೆ ಅಣ್ಣುವಿನ ಹೋಟೆಲು. ಪ್ರತಿ ಗುರುವಾರ ಸಂಜೆ ಮೇಲೆ ಲೇಖನ ಕೊಟ್ಟು, ಕೆಳಗೆ ಇಡ್ಲಿ ತಿಂದು, ಮುಲುಂಡಿನ ಮನೆಗೆ ಹೋಗುವುದು ನನ್ನ ಪದ್ಧತಿ. ಆ ಗುರುವಾರ ಅಣ್ಣು ಗಲ್ಲಾ ಬಿಟ್ಟು ಎದ್ದು ಬಂದ. ಅವನ ಹಿಂದೆ ಕಪ್ಪು ಕೋಟು, ಬೋ ಟೈ ಹಾಕಿಕೊಂಡ ಮೂವತ್ತೈದರ ಒಬ್ಬ ಮನುಷ್ಯ.

“ಮಾಸ್ಟ್ರೇ, ಇವ ನಮ್ಮ ಚೆನ್ನಯ. ಉಡುಪಿ ಕಡೆಯವ. ಇವನ ರೆಕಾರ್ಡು ಬಂದಿದೆ ಮಾರಾಯ್ರೆ! ನಮ್ಮ ಜನದಲ್ಲಿ ಇಷ್ಟರವರೆಗೆ ಯಾರದ್ದು ಬಂದಿದೆ ಹೇಳಿ?”

“ಯಾವ ವಾದ್ಯರೀ?”

“ಸ್ಯಾಕ್ಸೊಫೋನ್.”

ನಾನು ಇಡ್ಲಿಯ ಕಡೆಗೆ ತಿರುಗಿದೆ. ಆದರೂ ಚೆನ್ನಯ ಎದುರಿನ ಕುರ್ಚಿಯಲ್ಲಿ ಕೂತ. ಎರಡೂ ಕೈಯಲ್ಲಿ ಹಿಡಿದು ಒಂದು ದಪ್ಪ ಅಟ್ಟೆಯ ಆಲ್ಬಮ್ಮನ್ನು ನನ್ನ ಮುಂದಿಟ್ಟ. ಒಳಗೆ ಎರಡು ತಟ್ಟೆ, ಒಟ್ಟು ನಾಲ್ಕು ಬದಿ. ಮೇಲೆ ಇಂಗ್ಲಿಷಿನಲ್ಲಿ ‘ಬಾಂಬೆ ಸ್ವಿಂಗ್’ ಎಂದಿತ್ತು. ಅದರ ಕೆಳಗೆ ‘ಜಾನಿ ಚೆನ್ ಮತ್ತು ವಾದ್ಯವೃಂದ’.

“ಈ ಜಾನಿ ಯಾರ್ರೀ?” ಎಂದೆ.

“ನಾನೇ. ಚರ್ಚ್‌ಗೇಟಿನ ಹೋಟೆಲಲ್ಲಿ ಊದುವುದು ನಾನು. ಚೆನ್ನಯ ಅಂದ್ರೆ ಅಲ್ಲಿಯ ಸಾಹೇಬರಿಗೆ ಬಾಯಿ ತಿರುಗುವುದಿಲ್ಲ. ಅವರೇ ಹಾಗೆ ಮಾಡಿದ್ದು.”

“ಅಪ್ಪ ಇಟ್ಟ ಹೆಸರು ಉಳಿಸಿಕೊಳ್ಳಲಾರದಾವ್ರು ಶ್ರುತಿ ಏನ್ ಉಳಿಸ್ತೀರಿ?”

ಅಣ್ಣುವಿನ ಮುಖ ಸಣ್ಣದಾಯಿತು. ಚೆನ್ನಯ ಮಾತ್ರ ನಕ್ಕ. ಬೈಗುಳ ತಿಂದು ಅಭ್ಯಾಸವಿದ್ದವನ ನಗು.

“ಅಪ್ಪನ ವಿಷಯಕ್ಕೇ ಬಂದದ್ದು ಮಾಸ್ಟ್ರೇ. ಪೂವಪ್ಪ ಅಂತ ಹೆಸರು. ನಾಗಸ್ವರದವರು. ಆಂಟಾಪ್ ಹಿಲ್ಲಲ್ಲಿ ನಮ್ಮೊಟ್ಟಿಗೇ ಇದ್ದಾರೆ. ನಾನು ನಾಗಸ್ವರ ಬಿಟ್ಟು ಇದನ್ನು ಹಿಡಿದೆ ಅಂತ ಹನ್ನೆರಡು ವರ್ಷ ನನ್ನ ವಾದ್ಯ ಕೇಳಿದವರಲ್ಲ. ಒಂದೇ ಖೋಲಿ. ನಾನು ಅಭ್ಯಾಸಕ್ಕೆ ಕೂತ್ರೆ ಅವರು ಎದ್ದು ಹೊರಗೆ ಹೋಗ್ತಿದ್ದರು. ಈ ತಟ್ಟೆಯಿಂದ ಈಗ ಸ್ವಲ್ಪ ಸರಿಯಾಗಿದೆ. ಇನ್ನೊಂದು ತಟ್ಟೆಗೆ ಬರುವ ತಿಂಗಳು ರೆಕಾರ್ಡಿಂಗ್ ಉಂಟು. ಅದು ನಾವು ಎಣಿಸಿದ ಹಾಗೆ ಆಗುವುದು ಬಿಡುವುದು ಅಪ್ಪನ ಕೈಯಲ್ಲೇ ಉಂಟು. ನಿಮ್ಮ ಪೇಪರನ್ನು ಅವರು ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ಓದ್ತಾರೆ. ಅಚ್ಚಲ್ಲಿ ಬಂದದ್ದು ಅವರಿಗೆ ದೇವರ ಮಾತು.”

“ಅಂದ್ರ, ಹೊಗಳಿ ಬರೀರಿ ಅಂತೀರಿ.”

“ಇಲ್ಲ, ಇಲ್ಲ. ಕೇಳಿ ಬರೆಯಿರಿ. ಮೊದಲ ಮೂರು ಬದಿ ಹೋಟೆಲಿನ ಡ್ಯಾನ್ಸಿನದ್ದು, ಅದನ್ನು ಬೇಕಾದರೆ ಬೈಯಿರಿ. ನಾಲ್ಕನೇ ಬದಿ ಮಾತ್ರ ತಪ್ಪಿಸಬೇಡಿ. ಅದರಲ್ಲಿ ನನ್ನ...”

“ಸಾಕು.” ನಾನು ಸಾಂಬಾರಿನ ಕೈಯನ್ನೇ ಎತ್ತಿದೆ. “ವಿಮರ್ಶಕನ ಕಿವಿಯೊಳಗ ಮೊದಲ ಏನೂ ತುಂಬಬಾರದು. ನಾ ಕೇಳತೇನಿ, ನಾ ಬರಿತೇನಿ. ನೀವು ಹೊಂಡ್ರಿ.”

ಅದು ನನ್ನ ಕಟ್ಟುನಿಟ್ಟಿನ ನಿಯಮ. ಎಷ್ಟು ದೊಡ್ಡ ನಿಯಮ ನೋಡಿ! ಆ ಮನುಷ್ಯ ಇನ್ನೊಂದು ಶಬ್ದ ಆಡಲು ಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಆಲ್ಬಮ್ಮನ್ನು ಮುಲುಂಡಿಗೆ ತಂದೆ. ನನ್ನ ಮನೆಯಲ್ಲಿ ಗ್ರಾಮಫೋನ್ ಇರಲಿಲ್ಲ. ಊರಿನ ರೆಕಾರ್ಡುಗಳಿಗೆಲ್ಲ ತೀರ್ಪು ಕೊಡುವವನ ಮನೆಯಲ್ಲಿ ಒಂದು ಗ್ರಾಮಫೋನ್ ಇಲ್ಲ. ಬೇರೆ ತಟ್ಟೆಗಳನ್ನು ಅಣ್ಣುವಿನ ಹೋಟೆಲಿನಲ್ಲಿಯೋ ಸಿದ್ದಲಿಂಗಪ್ಪನ ಬಟ್ಟೆಯಂಗಡಿಯಲ್ಲಿಯೋ ಕೇಳುತ್ತಿದ್ದೆ. ಸ್ಯಾಕ್ಸೊಫೋನಿಗಾಗಿ ಅಷ್ಟು ಮೈ ದಣಿಸಿಕೊಳ್ಳುವುದು ಬೇಡ ಅನ್ನಿಸಿತು. ನನ್ನ ಹೆಂಡತಿ ಮಲ್ಲವ್ವ ಅದನ್ನು ಜೋಳದ ಹಿಟ್ಟಿನ ಡಬ್ಬಿಯ ಮೇಲೆ ಮುಚ್ಚಳ ಮಾಡಿ ಇಟ್ಟಳು. ಅಳತೆ ಸರಿಯಾಗಿ ಕೂತಿತು.

ಬುಧವಾರ ಬಂತು, ಲೇಖನ ಬರೆದಿರಲಿಲ್ಲ. ಕಚೇರಿಯಲ್ಲಿ ಯಾರೋ ಬಿಟ್ಟುಹೋದ ಇಂಗ್ಲಿಷ್ ಪತ್ರಿಕೆಯಲ್ಲಿ ಅದೇ ಆಲ್ಬಮ್ಮಿನ ವಿಮರ್ಶೆ ಇತ್ತು. ಬರೆದವನು ವಿಲಾಯತಿಯ ಸಂಗೀತ ಬಲ್ಲವನು. ಮೂರು ಬದಿಗಳನ್ನು ಅಮೆರಿಕದವರ ಕಳಪೆ ನಕಲು ಎಂದಿದ್ದ. ನಾಲ್ಕನೆಯದನ್ನು ಹಾವಾಡಿಗನ ಸಂಗೀತ ಎಂದಿದ್ದ. ಜೊತೆಗೆ, ಆ ಬದಿಯ ಉದ್ದಕ್ಕೂ ರೆಕಾರ್ಡಿಂಗ್ ಯಂತ್ರದ ದೋಷದಿಂದ ಏನೋ ಒಂದು ಸದ್ದು ಬಿಡದೆ ಗುಂಯ್‌ಗುಡುತ್ತದೆ, ಸಹಿಸಲಾಗದು ಎಂದೂ ಬರೆದಿದ್ದ.

ಅಡುಗೆ ಮಾಡಿ ಬಡಿಸಿದ ಎಲೆ ಸಿಕ್ಕ ಹಾಗಾಯಿತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದನಂತೆ ಒಬ್ಬ. ಆ ಒಬ್ಬ ನಾನೇ. ಅವನ ಇಂಗ್ಲಿಷಿಗೆ ನನ್ನ ಕನ್ನಡದ ಒಗ್ಗರಣೆ ಹಾಕಿ ಮುಕ್ಕಾಲು ಗಂಟೆಯಲ್ಲಿ ಮುಗಿಸಿದೆ. ನನ್ನ ಮೊದಲ ಓದುಗ ಚನ್ನಬಸಯ್ಯ ತೊಡೆ ತಟ್ಟಿಕೊಂಡು ನಕ್ಕ. ಕೊನೆಯ ಭಾಗ ನನಗೆ ಇವತ್ತಿಗೂ ಬಾಯಿಪಾಠ:

‘ಜಾನಿ ಚೆನ್ ಎಂಬ ಬಾಡಿಗೆ ಹೆಸರಿನ ಈ ನಮ್ಮವರು ಮೂರು ಬದಿ ಊಳಿಟ್ಟು, ನಾಲ್ಕನೆಯದರಲ್ಲಿ ಒಮ್ಮೆಲೇ ಭಕ್ತಿ ಉಕ್ಕಿ ದೇವಸ್ಥಾನದ ದಾರಿ ಹಿಡಿದಿದ್ದಾರೆ. ಪಾಪ, ಬಾಗಿಲು ಸಿಕ್ಕಿಲ್ಲ. ಈ ಬದಿಯ ಉದ್ದಕ್ಕೂ ಕೆಟ್ಟುಹೋದ ಯಂತ್ರದ ಸದ್ದು ಗೊಂಯ್ ಎಂದು ಕೇಳುತ್ತದೆ. ರೆಕಾರ್ಡು ಮಾಡಿದವರು ಅದನ್ನು ಮೊದಲೇ ಹೊರಗೆ ಹಾಕಬೇಕಿತ್ತು.’

ಮುಂದಿನ ಗುರುವಾರ ಅಣ್ಣುವಿನ ಹೋಟೆಲಿಗೆ ಹೋದಾಗ ಯಾರೂ ನನ್ನ ಮೇಜಿನ ಹತ್ತಿರ ಬರಲಿಲ್ಲ. ನೀರು ಕೂಡ ಇಡಲಿಲ್ಲ. ಗಲ್ಲಾದ ಪಕ್ಕದಲ್ಲಿ ಹೋಟೆಲಿನ ಗ್ರಾಮಫೋನ್ ಮುಚ್ಚಳ ತೆರೆದು ಕೂತಿತ್ತು. ಅದರ ಹತ್ತಿರ ನಿಂತಿದ್ದ ಒಬ್ಬ ಹೆಂಗಸು ನೇರವಾಗಿ ನನ್ನ ಕಡೆಗೆ ಬಂದಳು. ಮೂವತ್ತರ ಆಚೀಚೆಯ ವಯಸ್ಸು, ಕೈಯಲ್ಲಿ ಮಡಚಿದ ‘ಪಡುವಣ ವಾರ್ತೆ’.

“ನಾನು ವಸಂತಿ. ಚೆನ್ನಯನವರ ಹೆಂಡತಿ. ನಾನು ಇಲ್ಲಿಗೆ ಬಂದದ್ದು ಅವರಿಗೆ ಗೊತ್ತಿಲ್ಲ. ನಿಮ್ಮ ಹತ್ರ ಒಂದೇ ಒಂದು ಕೇಳ್ಲಿಕ್ಕುಂಟು. ನಾಲ್ಕನೇ ಬದಿಯಲ್ಲಿ ಯಾವ ಯಾವ ವಾದ್ಯ ಉಂಟು?”

“ಏನ್ರೀ ಇದು, ನನ್ನ ಪರೀಕ್ಷಾ ಮಾಡ್ಲಿಕ್ಕೆ ಬಂದೀರೇನು?”

“ಹೌದು. ಹೇಳಿ.”

ಹೋಟೆಲೆಲ್ಲ ಊಟ ಬಿಟ್ಟು ನನ್ನನ್ನೇ ನೋಡುತ್ತಿತ್ತು. ನಾನು ಗಂಟಲು ಸರಿಮಾಡಿಕೊಂಡೆ. “ಮತ್ತೇನ, ಸ್ಯಾಕ್ಸೊಫೋನು, ಪಿಯಾನೊ, ಡ್ರಮ್ಮು...”

“ಡ್ರಮ್ ಇಲ್ಲ. ಪಿಯಾನೊ ಇಲ್ಲ.” ಅವಳು ಅಣ್ಣುವಿನ ಕಡೆ ತಿರುಗಿದಳು. “ಕೇಳಲೇ ಇಲ್ಲ ಅಣ್ಣು ಅಣ್ಣ ಇವರು. ನಾನು ಹೇಳಿರಲಿಲ್ಲವಾ? ಕೇಳದೆಯೇ ಬರೆದದ್ದು!”

ಅಣ್ಣು ಕೀಲಿ ತಿರುಗಿಸಿ, ಅವಳು ತಂದಿದ್ದ ತಟ್ಟೆಯ ನಾಲ್ಕನೇ ಬದಿಗೆ ಮುಳ್ಳು ಇಟ್ಟ.

ಮೊದಲು ಬಂದದ್ದು ಆ ಸದ್ದೇ. ಯಂತ್ರವಂತೆ, ಯಂತ್ರ! ಷಡ್ಜ ಅದು. ಒಂದೇ ಸ್ವರ, ಎಲ್ಲಿಯೂ ಕಡಿಯದೆ, ಕುಗ್ಗದೆ, ಹಿಗ್ಗದೆ ನಿಂತಿತ್ತು. ನಮ್ಮ ಕಡೆ ಸನಾದಿ ಊದುವವನ ಪಕ್ಕದಲ್ಲಿ ಇನ್ನೊಬ್ಬ ಕೆನ್ನೆ ಉಬ್ಬಿಸಿಕೊಂಡು ಕೂತಿರುತ್ತಾನೆ, ಮೂಗಿನಿಂದ ಉಸಿರು ಎಳೆಯುತ್ತಲೇ ಬಾಯಿಂದ ಬಿಡುತ್ತ, ಒಂದೇ ಸುರ್ ಹಿಡಿದು. ಮದುವೆಮನೆಯಲ್ಲಿ ಅವನ ಕೆನ್ನೆ ಒಡೆದೀತು ಎಂದು ಚಿಕ್ಕಂದಿನಲ್ಲಿ ಬಾಯಿ ತೆರೆದು ನೋಡುತ್ತ ಕೂತವನು ನಾನು. ಅದನ್ನು ಗುರುತಿಸಲು ನನಗೆ ಎರಡು ಕ್ಷಣವೂ ಬೇಕಾಗಲಿಲ್ಲ. ಆ ಸ್ವರದ ಮೇಲೆ ಸ್ಯಾಕ್ಸೊಫೋನ್ ಮೆಲ್ಲಗೆ ಕಾಲಿಟ್ಟಿತು. ಭೂಪಾಳ ರಾಗ, ನಮ್ಮ ತೋಡಿಯ ಮನೆತನದ್ದು. ಬೆಳಗಿನ ಹೊತ್ತು ಗುಡಿಯ ಬಾಗಿಲು ತೆರೆಯುವಾಗ ಊದುವಂಥದ್ದು. ಆ ಹಿತ್ತಾಳೆ ಸೊಂಡಿಲಿನಿಂದ ಅಂಥ ಕೋಮಲ ಗಾಂಧಾರ ಬರುತ್ತದೆಂದು ಯಾರಾದರೂ ಹೇಳಿದ್ದರೆ ಅವರ ಮೇಲೆಯೂ ಒಂದು ಅಂಕಣ ಬರೆದುಬಿಡುತ್ತಿದ್ದೆ. ಮೂರು ನಿಮಿಷ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಎನ್ನುತ್ತಾರೆ. ಕೋಣವಾದರೂ ಎದುರಿಗೆ ನಿಂತಿರುತ್ತದೆ, ನಾನು ನಿಂತೂ ಇರಲಿಲ್ಲ.

ತಟ್ಟೆ ಮುಗಿದ ಮೇಲೆ ವಸಂತಿ ಹೇಳಿದಳು. “ಅದಕ್ಕೆ ಒತ್ತು ಅಂತ ಹೇಳ್ತೇವೆ ನಾವು. ಶ್ರುತಿ ಹಿಡಿಯುವ ಕೊಳವೆ. ಒತ್ತು ಊದುವುದು ಶಿಷ್ಯನ ಕೆಲಸ. ನಮ್ಮವರು ಏಳು ವರ್ಷದವರಿರುವಾಗಲೇ ಮಾವನ ಹಿಂದೆ ನಿಂತು ಊದಿದ್ದು. ಗುರು ಶಿಷ್ಯನಿಗೆ ಒತ್ತು ಊದುವುದಿಲ್ಲ. ಅಪ್ಪ ಮಗನಿಗೆ ಊದಿದ್ದನ್ನು ನಮ್ಮ ಜನದಲ್ಲಿ ಯಾರೂ ಕಂಡದ್ದಿಲ್ಲ. ನಮ್ಮ ಮಾವ ಊದಿದರು. ಬಾಯಿಬಿಟ್ಟು ಏನೂ ಹೇಳಲಿಲ್ಲ. ರೆಕಾರ್ಡಿಂಗಿನ ದಿನ ಬೆಳಿಗ್ಗೆ ಒತ್ತನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಇವರ ಹಿಂದೆ ಬಸ್ಸು ಹತ್ತಿದರು. ಇವರು ಬಸ್ಸಲ್ಲಿ ಚಿಕ್ಕ ಮಕ್ಕಳ ಹಾಗೆ ಕಣ್ಣೀರು ಹಾಕಿ ಕೂಗಿದರಂತೆ.”

ಅವಳು ಕೈಯಲ್ಲಿದ್ದ ಪತ್ರಿಕೆಯನ್ನು ಬಿಡಿಸಿದಳು.

“ಎಪ್ಪತ್ತೊಂದು ವರ್ಷ ಅವರಿಗೆ. ಅದನ್ನು ನೀವು ಕೆಟ್ಟುಹೋದ ಯಂತ್ರ ಅಂತ ಬರೆದಿರಿ. ಮಾವ ಮೂರು ಸಲ ಓದಿದರು. ಒತ್ತನ್ನು ಪೆಟ್ಟಿಗೆಗೆ ಹಾಕಿ ಬೀಗ ಹಾಕಿದರು. ‘ನನ್ನ ಉಸಿರು ಹೋಯ್ತು, ಪೇಪರಲ್ಲೇ ಬಂತಲ್ಲ, ನಿನ್ನ ತಟ್ಟೆ ಹಾಳು ಮಾಡಿದ್ದು ನಾನೇ’ ಅಂತ ಹೇಳ್ತಾರೆ. ಇವರ ಮುಖ ನೋಡುವುದಿಲ್ಲ. ಇನ್ನು ಇಪ್ಪತ್ತು ದಿವಸದಲ್ಲಿ ಎರಡನೇ ರೆಕಾರ್ಡಿಂಗ್. ಅವರು ಬಾರದೆ ಹೋದ್ರೆ ಮತ್ತೆ ಈ ಜನ್ಮದಲ್ಲಿ ಅಪ್ಪ ಮಗ ಒಟ್ಟಿಗೆ ಊದುವುದು ಉಂಟಾ?”

“ನಾ ಬಂದು ಅವರಿಗೆ ಹೇಳತೇನ್ರೀ” ಎಂದೆ.

“ಬಾಯಲ್ಲಿ ಹೇಳಿದರೆ ಆಗ್ಲಿಕ್ಕಿಲ್ಲ. ಅಚ್ಚಲ್ಲಿ ಹಾಕಿ.”

“ನೋಡೂಣು.”

ಆ ‘ನೋಡೂಣು’ ಎಂಥ ಹೇಡಿಯ ಮಾತು ಎಂಬುದು ಅವಳಿಗೆ ಆಗಲೇ ಗೊತ್ತಾಗಿರಬೇಕು. ಪತ್ರಿಕೆಯನ್ನು ನನ್ನ ಮೇಜಿನ ಮೇಲೆ ಎಸೆದು ಹೋದಳು.

ಭಾನುವಾರ ಸಾಯನ್‌ನಲ್ಲಿ ಇಳಿದು ಆಂಟಾಪ್ ಹಿಲ್ಲಿಗೆ ನಡೆದೆ. ದಾರಿಯುದ್ದಕ್ಕೂ ನನಗೆ ನಾನೇ ಸಮಾಧಾನ ಹೇಳಿಕೊಂಡೆ: ಮುದುಕನ ಎದುರು ಕೂತು ಎರಡು ಮಾತು ಹೇಳಿದರೆ ಮುಗಿಯಿತು, ಊರಿಗೆಲ್ಲ ಡಂಗುರ ಯಾಕೆ?

ಪೂವಪ್ಪ ಖೋಲಿಯ ಹೊರಗೆ ಮೋಟು ಸ್ಟೂಲಿನ ಮೇಲೆ ಕೂತಿದ್ದ. ಕಡ್ಡಿಯಂಥ ಮೈ, ಕೆನ್ನೆ ಮಾತ್ರ ಹಳೆಯ ಚೀಲದಂತೆ ಜೋತುಬಿದ್ದಿತ್ತು. ಒಳಗೆ ಬಾಗಿಲಿಗೆ ಒರಗಿ ಚೆನ್ನಯ ನಿಂತಿದ್ದ. ನನ್ನನ್ನು ನೋಡಿ ಅವನು ನಮಸ್ಕಾರ ಮಾಡಲಿಲ್ಲ. ನಾನು ನನ್ನ ಹೆಸರು ಹೇಳಿದ ಕೂಡಲೇ ಮುದುಕ ಎದ್ದು ನಿಂತು, ತನ್ನ ಸ್ಟೂಲನ್ನೇ ನನಗೆ ಕೊಟ್ಟ. ಹೋದ ಜನ್ಮದ ಪಾಪ ಇರಬೇಕು, ನಾನು ಕೂತುಬಿಟ್ಟೆ.

“ನೀವು ಬರೆದದ್ದು ಸರಿ ಉಂಟು” ಎಂದ ಪೂವಪ್ಪ. “ಇವನಿಗೆ ಸಿಟ್ಟು. ನನಗೆ ಸಿಟ್ಟಿಲ್ಲ. ಯಂತ್ರ ಅಂತ ಬರೆದಿರಿ. ಅಲ್ಲಿ ಯಂತ್ರ ಇರಲಿಲ್ಲ, ನಾನು ಇದ್ದದ್ದು. ಹಾಗಾದ್ರೆ ನನ್ನದೇ ಕೆಟ್ಟಿದೆ. ಊದುವವನಿಗೆ ತನ್ನ ಉಸಿರು ಹೋದದ್ದು ಗೊತ್ತಾಗುವುದಿಲ್ಲ. ಕೇಳುವವರೇ ಹೇಳಬೇಕು.”

“ಪೂವಪ್ಪನವರ, ನಾ ಕೇಳಿರಲಿಲ್ರೀ.”

“ಏನು?”

“ತಟ್ಟೆ ಕೇಳಿರಲಿಲ್ಲ. ಇಂಗ್ಲಿಷ್ ಪೇಪರಿನಾಗ ಬಂದದ್ದನ್ನ ನೋಡಿ ಬರದೆ. ಮೊನ್ನೆ ಕೇಳಿದೆ. ನಿಮ್ಮ ಶ್ರುತಿ ಬಂಗಾರದಂಗ ಐತಿ. ನನ್ನ ಆಯುಷ್ಯದಾಗ ಇಂಥಾದ್ದು ಕೇಳಿಲ್ಲ.”

ಮುದುಕ ನಕ್ಕ. ಸಿಟ್ಟಿನ ನಗುವಲ್ಲ, ಪ್ರೀತಿಯದೇ.

“ನೀವು ದೊಡ್ಡವರು. ಮುದುಕನಿಗೆ ಬೇಜಾರಾಗಬಾರದು ಅಂತ ಇಷ್ಟು ದೂರ ಬಂದಿರಿ. ಆದರೆ ಕೇಳದೆ ಯಾರಾದರೂ ಪೇಪರಲ್ಲಿ ಬರೀತಾರಾ? ಅಷ್ಟು ಜನ ಓದುವ ಪೇಪರು! ನನಗೆ ಅಷ್ಟು ತಿಳಿಯುವುದಿಲ್ಲವಾ?”

“ಖರೇನ ಹೇಳತೇನಿ...”

“ವಸಂತಿ, ಇವರಿಗೆ ಚಾ ತಾ” ಎಂದು ಒಳಗೆ ಕೂಗಿದ.

ಚಾ ಬರಲಿಲ್ಲ. ಚೆನ್ನಯ ನನ್ನನ್ನು ಬಸ್ ಸ್ಟಾಪಿನವರೆಗೆ ಬಿಟ್ಟ, ಬಿಟ್ಟ ಎನ್ನುವುದಕ್ಕಿಂತ ದಬ್ಬಿಕೊಂಡು ಹೋದ ಎನ್ನಬೇಕು. “ಅಚ್ಚಲ್ಲಿ ಹಾಕಿ” ಎಂದ. “ನಾನು ಕೇಳದೆ ಬರೆದೆ ಅಂತ ಮೂರು ಶಬ್ದ. ನನಗೆ ನಿಮ್ಮ ಹೊಗಳಿಕೆ ಬೇಡ. ನನ್ನನ್ನು ಇನ್ನೂ ನಾಲ್ಕು ಬೈಯಿರಿ. ಆ ಮೂರು ಶಬ್ದ ಹಾಕಿ.”

ಸೋಮವಾರ ಸಂಜೆ ಚನ್ನಬಸಯ್ಯನ ಮುಂದೆ ಕೂತೆ. ಅವನು ಪ್ರೂಫ್ ತಿದ್ದುತ್ತಿದ್ದವನು ತಲೆ ಎತ್ತಲಿಲ್ಲ.

“ಕೇಳದ ಬರದೆ ಅಂತ ಹಾಕಬೇಕಂತಿ? ಬುದ್ಧಿ ನೆಟ್ಟಗ ಐತೇನೋ ನಿಂದು? ನಾಳೆ ಎಲ್ಲಾ ಹಾಡವ್ರು, ಬಾರಸವ್ರು ಬಂದು ಕೇಳ್ತಾರ, ನಮ್ದೂ ಕೇಳದ ಬರದಿದ್ದಿ ಏನು ಅಂತ. ಎಷ್ಟು ಕೇಳದ ಬರದಿ, ಹೇಳು ನೋಡೂಣು?”

ನಾನು ಮನಸ್ಸಿನಲ್ಲೇ ಎಣಿಸತೊಡಗಿ ಅರ್ಧಕ್ಕೇ ಬಿಟ್ಟೆ.

“ನಿನ್ನ ಹೆಸರಷ್ಟ ಅಲ್ಲಪಾ, ಪತ್ರಿಕೆ ಮರ್ಯಾದಿ. ಒಂದು ಕೆಲಸ ಮಾಡೂಣು. ತಿದ್ದುಪಡಿ ಹಾಕೂಣು. ಅಚ್ಚಿನ ಮೊಳೆ ಜೋಡಿಸಾವನ ತಪ್ಪು ಅಂದ್ರಾತು. ಅವಂಗೇನು ಕನ್ನಡ ಬರ್ತೈತಿ, ಮರಾಠಿ ಮನಿಶಾ.”

ಇದು ನಮ್ಮ ಪತ್ರಿಕೆಯಲ್ಲಿ ನಡೆದುಬಂದ ಪದ್ಧತಿ. ಬರೆದವನು ತಪ್ಪಿದರೂ ಬೈಗುಳ ಮೊಳೆಯವನಿಗೆ. ಮಂತ್ರಿಯ ಹೆಸರು ತಪ್ಪಿದರೂ, ಬದುಕಿದ್ದವರಿಗೆ ಶ್ರದ್ಧಾಂಜಲಿ ಹೋದರೂ ‘ಮುದ್ರಣ ದೋಷ’ ಎಂದು ಎರಡು ಸಾಲು. ನನಗೆ ಆ ಎರಡು ಸಾಲು ಸಾಕೆನ್ನಿಸಿತು. ಸಾಕೆನ್ನಿಸಿತು ಎಂದು ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ನನ್ನ ಅಂಕಣ ನನಗೆ ಬೇಕಾಗಿತ್ತು. ವಿಮಾ ಕಚೇರಿಯಲ್ಲಿ ನಾನು ಹೆಸರಿಲ್ಲದ ಗುಮಾಸ್ತ. ಗ್ರಾಂಟ್ ರೋಡಿನಲ್ಲಿ ಮಾತ್ರ ನಾನು ನಾಲ್ಕು ಜನ ಹೆದರುವ ಗದಿಗೆಪ್ಪ.

ಆ ವಾರ ಎಂಟನೆಯ ಪುಟದ ಕೆಳಗೆ, ಒಂದು ಮುಲಾಮಿನ ಜಾಹೀರಾತಿನ ಪಕ್ಕದಲ್ಲಿ ಬಂತು:

‘ತಿದ್ದುಪಡಿ: ಕಳೆದ ಸಂಚಿಕೆಯ ತಂಬೂರಿ ಅಂಕಣದಲ್ಲಿ ಮುದ್ರಣ ದೋಷದಿಂದ “ಯಂತ್ರದ ಸದ್ದು” ಎಂದು ಅಚ್ಚಾದುದನ್ನು “ಒತ್ತಿನ ನಾದ” ಎಂದು ತಿದ್ದಿ ಓದಿಕೊಳ್ಳಬೇಕಾಗಿ ವಿನಂತಿ.’

ಚೆಂದದ ಶಬ್ದ, ‘ನಾದ’. ಅದನ್ನು ಆರಿಸಿದವನು ನಾನು. ಮುದುಕನಿಗೆ ಸಂತೋಷವಾದೀತು ಎಂದುಕೊಂಡೆ.

ಮೂರು ದಿನ ಕಳೆದು ಚೆನ್ನಯ ಅಚ್ಚಿನ ಮನೆಯ ಮೆಟ್ಟಿಲು ಹತ್ತಿ ಬಂದ. ಬೋ ಟೈ ಇರಲಿಲ್ಲ. ಜೇಬಿನಿಂದ ಒಂದು ಕಾಗದ ತೆಗೆದು ನನ್ನ ಮುಂದೆ ಬಿಡಿಸಿ ಇಟ್ಟ. ನನ್ನ ಅಂಕಣವನ್ನು ಕತ್ತರಿಸಿ ದಪ್ಪ ಕಾಗದಕ್ಕೆ ಅಂಟಿಸಿದ್ದರು. ಪತ್ರಿಕೆ ಹೇಳಿದ ಹಾಗೆ, ಎರಡು ಶಬ್ದಗಳನ್ನು ಶಾಯಿಯಿಂದ ಹೊಡೆದುಹಾಕಿ, ನಡುಗುವ ಅಕ್ಷರಗಳಲ್ಲಿ ಮೇಲೆ ಎರಡು ಶಬ್ದ ಬರೆದಿತ್ತು.

“ಅಪ್ಪ ತಿದ್ದಿದ್ದು” ಎಂದ. “ನೀವು ತಿದ್ದಿ ಓದಿಕೊಳ್ಳಿ ಅಂತ ಹೇಳಿದ್ದಿರಲ್ಲ. ಓದಿ.”

ನಾನು ಓದಿದೆ.

“ದೊಡ್ಡಕ್ಕೆ.”

“ಈ ಬದಿಯ ಉದ್ದಕ್ಕೂ ಕೆಟ್ಟುಹೋದ ಒತ್ತಿನ ನಾದ ಗೊಂಯ್ ಎಂದು ಕೇಳುತ್ತದೆ. ರೆಕಾರ್ಡು ಮಾಡಿದವರು...” ನಾನು ಕಾಗದವನ್ನು ಅವನ ಕಡೆಗೆ ಸರಿಸಿದೆ.

“ಓದಿ!”

“...ಅದನ್ನು ಮೊದಲೇ ಹೊರಗೆ ಹಾಕಬೇಕಿತ್ತು.”

ಮೊಳೆ ಜೋಡಿಸುವವನು ಕೆಲಸ ಬಿಟ್ಟು ನಮ್ಮ ಕಡೆ ತಿರುಗಿದ. ಅವನಿಗೆ ಕನ್ನಡ ಬರುತ್ತಿರಲಿಲ್ಲ, ಆದರೂ ಅರ್ಥವಾಗಿರಬೇಕು.

“ಯಂತ್ರ ಅಂತ ಇದ್ದಾಗ ಅಪ್ಪನಿಗೆ ಒಂದು ಚೂರು ಸಂಶಯ ಇತ್ತು” ಎಂದ ಚೆನ್ನಯ. “ನಿಜವಾದ ಯಂತ್ರದ್ದೇ ಏನಾದರೂ ಇದ್ದೀತು ಅಂತ ನಾನು ಹೇಳಿ ಹೇಳಿ ಅರ್ಧ ನಂಬಿಸಿದ್ದೆ. ಈಗ ನೀವು ಒತ್ತು ಅಂತ ಹೆಸರು ಹಿಡಿದೇ ಬರೆದಿರಿ. ಪೇಪರಿನವರೇ ಎರಡನೇ ಸಲ ತಿದ್ದಿ ಹೇಳಿದ ಮೇಲೆ ಮತ್ತೆಂಥ ಸಂಶಯ? ಹೊರಗೆ ಹಾಕಬೇಕಿತ್ತು ಅಂತ ಬೇರೆ. ಮೊನ್ನೆ ಒತ್ತನ್ನು ಒಬ್ಬ ಊರಿಗೆ ಹೋಗುವವನ ಕೈಯಲ್ಲಿ ಕೊಟ್ಟು ಕಳಿಸಿದರು. ಯಾರಾದರೂ ಉಸಿರಿದ್ದವರು ಊದಲಿ ಅಂತ.”

“ಚೆನ್ನಯ, ಈ ಸಲ ನಾ ಖರೇನ ಹಾಕಸ್ತೇನಿ. ನನ್ನ ಹೆಸರು ಹಾಕಿ...”

“ಬೇಡ. ನೀವು ತಿದ್ದಿದಷ್ಟೂ ನಮಗೆ ಹಾಳು.”

ಅವನು ಕೈ ಎತ್ತಲಿಲ್ಲ. ಎತ್ತಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಕಾಗದವನ್ನು ಹಾಗೆಯೇ ಮಡಚಿ, ಜೋಪಾನವಾಗಿ ಜೇಬಿಗೆ ಹಾಕಿಕೊಂಡು ಇಳಿದು ಹೋದ.

ಆದರೂ ನಾನು ಬರೆದೆ. ಕೇಳದೆ ಬರೆದೆ, ಮೊಳೆಯವನ ತಪ್ಪಲ್ಲ, ನನ್ನದು ಎಂದು ಒಂದು ಪುಟ. ಚನ್ನಬಸಯ್ಯ ಓದಿ, ನಾಲ್ಕಾಗಿ ಹರಿದು, “ತಿದ್ದುಪಡಿಗೆ ತಿದ್ದುಪಡಿ ಹಾಕೋ ಪತ್ರಿಕೆ ಭೂಮಿ ಮ್ಯಾಲ ಇಲ್ಲೋ ಮಾರಾಯಾ” ಎಂದ. ನಾನು ಅಂಕಣ ಬಿಟ್ಟೆ. ದೊಡ್ಡ ತ್ಯಾಗವೇನಲ್ಲ. ಮರುವಾರ ಬೇರೆ ಯಾರೋ ‘ತಂಬೂರಿ’ ಬರೆದರು, ಯಾರಿಗೂ ವ್ಯತ್ಯಾಸ ತಿಳಿಯಲಿಲ್ಲ.

ದೀಪಾವಳಿಯ ಹೊತ್ತಿಗೆ ಎರಡನೇ ತಟ್ಟೆ ಬಂತು. ಅದೇ ಇಂಗ್ಲಿಷ್ ಪತ್ರಿಕೆಯ ಅದೇ ಮಹಾಶಯ ಈ ಸಲ ಹೊಗಳಿದ್ದ. ಜಾನಿ ಚೆನ್ ಪಳಗಿದ್ದಾನೆ, ಮೊದಲ ಆಲ್ಬಮ್ಮನ್ನು ಕೆಡಿಸಿದ್ದ ಆ ಗುಂಯ್‌ಗುಡುವ ದೋಷ ಸಂಪೂರ್ಣ ನಿವಾರಣೆಯಾಗಿದೆ, ಕಂಪನಿಗೆ ಅಭಿನಂದನೆ ಎಂದು ಬರೆದಿದ್ದ. ಆ ಪತ್ರಿಕೆಯನ್ನು ಮುದ್ದೆ ಮಾಡಿ ಎಸೆದೆ. ಅವನ ಮೇಲೆ ಸಿಟ್ಟಾಗಲು ನನಗೆ ಯಾವ ಅಧಿಕಾರ? ಅವನಿಗೆ ಒತ್ತು ಗೊತ್ತಿರಲಿಲ್ಲ, ಆದರೆ ಅವನು ತಟ್ಟೆಯನ್ನು ಕೇಳಿಯಾದರೂ ಬರೆದಿದ್ದ. ಆ ಸದ್ದು ಅವನ ಕಿವಿಗೆ ಬಿದ್ದಿತ್ತು.

ಚೋರ್ ಬಜಾರಿಗೆ ಹೋಗಿ ಒಂದು ಹಳೆಯ ಗ್ರಾಮಫೋನ್ ತಂದೆ. ಭಾನುವಾರ ಮಧ್ಯಾಹ್ನ ಊಟ ಮಾಡಿ, ಬಾಗಿಲು ಹಾಕಿಕೊಂಡು, ಹೊಸ ತಟ್ಟೆ ಹಚ್ಚಿದೆ.

ಅದೇ ಭೂಪಾಳ. ಒಂದೂ ತಪ್ಪಿಲ್ಲ. ಚೆನ್ನಯ ಮೊದಲಿಗಿಂತ ಚೆನ್ನಾಗಿಯೇ ಊದಿದ್ದ. ಆದರೆ ಕೆಳಗೆ ಏನೂ ಇರಲಿಲ್ಲ. ಪ್ರತಿ ಸಾಲು ಮುಗಿದಾಗಲೂ ಅವನು ಒಂದು ಗಳಿಗೆ ನಿಲ್ಲುತ್ತಿದ್ದ. ಮೊದಲ ತಟ್ಟೆಯಲ್ಲಿಯೂ ಹಾಗೆಯೇ ನಿಲ್ಲುತ್ತಿದ್ದ, ಆ ಜಾಗಗಳಲ್ಲಿ ಮುದುಕನ ಉಸಿರು ತುಂಬಿ ನಿಂತಿರುತ್ತಿತ್ತು. ಅಭ್ಯಾಸಬಲದಿಂದ ಅವನು ಅಪ್ಪನಿಗೆ ಜಾಗ ಬಿಟ್ಟೇ ಊದಿದ್ದ. ಈಗ ಅಲ್ಲಿ ಮುಳ್ಳಿನ ಕರಕರ ಸದ್ದು ಮಾತ್ರ.

ಕೂತಲ್ಲಿ ಕೂರಲಾಗಲಿಲ್ಲ. ನನಗೇ ಅರಿವಿಲ್ಲದೆ ಬಾಯಿ ಮುಚ್ಚಿಕೊಂಡು ಅವನ ಷಡ್ಜ ಹಿಡಿದೆ. ಮ್‌ಮ್‌ಮ್ ಎಂದು. ಮೂರು ನಿಮಿಷ ತಾನೇ, ಎಪ್ಪತ್ತೊಂದರ ಮುದುಕ ಹಿಡಿದದ್ದು, ನಾನು ನಲವತ್ತೆರಡರವ. ಮೂಗಿನಿಂದ ಎಳೆಯಲು ನೋಡಿದೆ, ಸ್ವರ ಕಡಿಯಿತು. ಮತ್ತೆ ಹಿಡಿದೆ, ಮತ್ತೆ ಕಡಿಯಿತು. ಮೂವತ್ತು ಎಣಿಸುವಷ್ಟರಲ್ಲಿ ಕಣ್ಣು ಕತ್ತಲೆಯಾಗಿ ಕೆಮ್ಮು ಬಂತು.

ಒಳಗಿನಿಂದ ಮಲ್ಲವ್ವ ಓಡಿ ಬಂದಳು. “ಏನಾತು? ಯಾಕ ಹಿಂಗ ನರಳಾಕತ್ತೀರಿ? ಹೊಟ್ಟಿ ನೋವೇನು?”

ಉತ್ತರ ಕೊಡಲು ನನ್ನಲ್ಲಿ ಉಸಿರು ಇರಲಿಲ್ಲ. ತಟ್ಟೆ ಇನ್ನೂ ತಿರುಗುತ್ತಿತ್ತು, ಚೆನ್ನಯ ಒಬ್ಬನೇ ಊದುತ್ತಿದ್ದ.